ಹಾರುವ ಮುನ್ನದ ಊರುಗಳು

2025ರ ಜೂನ್ 25ರಂದು ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಜುಲೈ 15ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಬಳಿ ಸಮುದ್ರಕ್ಕಿಳಿದರು. ಹೋಗಿ ಬಂದದ್ದು ಇಪ್ಪತ್ತು ದಿನ. ಆ ಇಪ್ಪತ್ತು ದಿನಗಳ ಕಥೆಯನ್ನು ಪತ್ರಿಕೆಗಳೂ ಟಿವಿಗಳೂ ಹೇಳಿ ಮುಗಿಸಿವೆ, ಸನ್ಮಾನಗಳೂ ಆಗಿವೆ. ಮುಗಿಯದೆ ತಲೆಯಲ್ಲಿ ಸುತ್ತುತ್ತಿರುವುದು ಅದರ ಹಿಂದಿನ ಆರು ವರ್ಷ. 2019ರಲ್ಲಿ ಬೆಂಗಳೂರಿನ ವಿಮಾನಪುರದಲ್ಲಿ ವಾಯುಪಡೆಯ ವೈದ್ಯರ ಮುಂದೆ ಶುರುವಾದ ಆ ಓಡಾಟ ರಷ್ಯಾದ ಹಿಮದ ಕಾಡಿಗೆ ಹೋಯಿತು, ಬೆಂಗಳೂರಿನ ಮಾರತ್‌ಹಳ್ಳಿಗೆ ಮರಳಿತು, ಹೂಸ್ಟನ್ನಿಗೆ ಹಾರಿತು, ಕೊನೆಗೆ ಫ್ಲಾರಿಡಾದ ಕಡಲತೀರದಲ್ಲಿ ಒಂದು ತಿಂಗಳು ಕಾದು ಕೂತಿತು. ಈ ಊರುಗಳ ಸಾಲೇ ನಿಜವಾದ ಪ್ರಯಾಣ, ಕಕ್ಷೆಯಲ್ಲಿ ಕಳೆದದ್ದು ಅದರ ಕೊನೆಯ ತುಣುಕು ಎಂದು ನನ್ನ ವಾದ. ಇದನ್ನು ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ: ಅದೇ ಊರುಗಳನ್ನು ಸುತ್ತಿ, ಅದೇ ಪಾಠ ಕಲಿತು, ಹಾರದೆ ಉಳಿದವರೂ ಗಗನಯಾತ್ರಿಗಳೇ.

ಬೆಂಗಳೂರಿನ ನಮ್ಮ ಶಂಕರಪುರಂನಿಂದ ಹೊರಟರೆ ಈ ಪ್ರಯಾಣದ ಮೊದಲ ಊರು ಪೂರ್ವಕ್ಕೆ ಸುಮಾರು ಹದಿನೈದು ಕಿಲೋಮೀಟರ್. ಶಂಕರ ಮಠದಿಂದ ಮಿನರ್ವ ವೃತ್ತ, ಲಾಲ್‌ಬಾಗ್ ಬದಿ, ರಿಚ್ಮಂಡ್ ವೃತ್ತ, ದೊಮ್ಮಲೂರು, ಮುರುಗೇಶಪಾಳ್ಯ ದಾಟಿದರೆ ವಿಮಾನಪುರ. ಸಂಜೆಯ ಟ್ರಾಫಿಕ್ಕಿನಲ್ಲಿ ಅಷ್ಟು ದೂರ ಮುಟ್ಟುವ ಹೊತ್ತಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಒಂದು ಸುತ್ತು ಹಾಕಿ ಬಂದಿರುತ್ತದೆ. ಅದಕ್ಕೆ ಬೇಕಾಗುವುದು ತೊಂಬತ್ತು ನಿಮಿಷ. ನಿಲ್ದಾಣ ಇರುವ ಎತ್ತರವೂ ಸುಮಾರು 400 ಕಿಲೋಮೀಟರ್, ರಸ್ತೆಯಲ್ಲಿ ಇಲ್ಲಿಂದ ಹುಬ್ಬಳ್ಳಿಗೆ ಇರುವಷ್ಟು. ಕಷ್ಟವಿರುವುದು ದೂರದಲ್ಲಲ್ಲ. ಪ್ಲೇಗಿನ ಕಾಲದಲ್ಲಿ ಪೇಟೆ ಬಿಟ್ಟು ಬಂದವರಿಗಾಗಿ ಎದ್ದ ಬಸವನಗುಡಿ ಮತ್ತು ಅದರ ಮಗ್ಗುಲಿನ ಶಂಕರಪುರಂ ಬೆಂಗಳೂರಿನ ಒಂದು ಮುಖವಾದರೆ, 1940ರಲ್ಲಿ ವಿಮಾನ ಕಾರ್ಖಾನೆಯ ಜೊತೆ ಹುಟ್ಟಿದ ವಿಮಾನಪುರ ಇನ್ನೊಂದು ಮುಖ. ಈ ಕಡೆಯ ಮನೆಗಳಿಂದ ಎಚ್‌ಎಎಲ್‌ಗೋ ಇಸ್ರೊಗೋ ಕೆಲಸಕ್ಕೆ ಹೋಗಿ ನಿವೃತ್ತರಾದವರು ಬೀದಿಗೊಬ್ಬರು ಸಿಗುತ್ತಾರೆ. ಆದರೂ ಗಗನಯಾತ್ರೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬೈಕನೂರು, ಫ್ಲಾರಿಡಾ, ಹೆಚ್ಚೆಂದರೆ ಶ್ರೀಹರಿಕೋಟಾ. ಹಳೆ ಏರ್‌ಪೋರ್ಟ್ ರಸ್ತೆ ಯಾರ ಕಣ್ಣಿಗೂ ಬರುವುದಿಲ್ಲ.

ಬರಬೇಕಿತ್ತು. 1957ರಲ್ಲಿ ಶುರುವಾದ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅಲ್ಲೇ ಇದೆ. ಎಂಬತ್ತರ ದಶಕದ ಆರಂಭದಲ್ಲಿ ಸೋವಿಯತ್ ನೌಕೆಗೆ ಭಾರತೀಯರನ್ನು ಆರಿಸುವಾಗ ರಾಕೇಶ್ ಶರ್ಮಾ ಅವರನ್ನು ಬೆಂಗಳೂರಿನ ವಾಯುಪಡೆಯ ಕೋಣೆಯೊಂದರಲ್ಲಿ ಎಪ್ಪತ್ತೆರಡು ಗಂಟೆ ಒಬ್ಬರೇ ಇರುವಂತೆ ಕೂಡಿಹಾಕಿದ್ದರಂತೆ. ಇಕ್ಕಟ್ಟಿನಲ್ಲಿ ಮನಸ್ಸು ಕೆಡುತ್ತದೆಯೇ ನೋಡಲು. ಈ ವಿಷಯವನ್ನು ಅವರೇ ಸಂದರ್ಶನದಲ್ಲಿ ಹೇಳಿದ್ದಾರೆ. ಫೈಟರ್ ವಿಮಾನ ಹಾರಿಸಿ, 1971ರ ಯುದ್ಧ ಮಾಡಿ ಬಂದ ಮನುಷ್ಯನಿಗೆ ಕೊಟ್ಟ ಪರೀಕ್ಷೆ, ಏನೂ ಮಾಡದೆ ಮೂರು ದಿನ ಕೂತಿರುವುದು. ಗಗನಯಾತ್ರಿಯ ಪಾಠಪಟ್ಟಿಯಲ್ಲಿ ಸಾಹಸಕ್ಕಿರುವ ಜಾಗ ಎಷ್ಟು ಕಡಿಮೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅದೇ ಸಂಸ್ಥೆಯಲ್ಲಿ ಸೆಂಟ್ರಿಫ್ಯೂಜ್ ಎಂಬ ಯಂತ್ರವಿದೆ. ಉದ್ದನೆಯ ಉಕ್ಕಿನ ತೋಳು, ಅದರ ತುದಿಗೆ ಒಂದು ಪುಟ್ಟ ಕೋಣೆ. ಒಳಗೆ ಒಬ್ಬರನ್ನು ಪಟ್ಟಿ ಬಿಗಿದು ಕೂರಿಸಿ ಗರಗರ ತಿರುಗಿಸುತ್ತಾರೆ. ತಿರುಗುವ ವೇಗ ಏರಿದಂತೆ ದೇಹದ ತೂಕವೂ ಏರುತ್ತದೆ: ಎಪ್ಪತ್ತು ಕಿಲೋ ಮನುಷ್ಯ ಎಂಟು ಜಿ ಹೊರೆಯಲ್ಲಿ 560 ಕಿಲೋ ಆಗುತ್ತಾನೆ. ಫೈಟರ್ ಪೈಲಟ್‌ಗೆ ಈ ಹೊರೆ ತಲೆಯಿಂದ ಕಾಲಿನ ಕಡೆಗೆ ಬೀಳುತ್ತದೆ, ರಕ್ತ ಕೆಳಗಿಳಿದು ಕಣ್ಣು ಕತ್ತಲಿಡುತ್ತದೆ. ನೌಕೆಯಲ್ಲಿ ಅಂಗಾತ ಮಲಗಿದವನಿಗೆ ಅದು ಎದೆಯಿಂದ ಬೆನ್ನಿಗೆ ಬೀಳುತ್ತದೆ. ಕಣ್ಣು ಕತ್ತಲಿಡುವುದಿಲ್ಲ, ಆದರೆ ಪಕ್ಕೆಲುಬುಗಳು ಮೇಲೇಳುವುದಿಲ್ಲ. ಒಳಗೆಳೆದ ಉಸಿರನ್ನು ಪೂರ್ತಿ ಬಿಟ್ಟರೆ ಮತ್ತೆ ಎಳೆದುಕೊಳ್ಳುವುದು ಕಷ್ಟ. ಆದ್ದರಿಂದ ಎದೆಯನ್ನು ಬಿಗಿಹಿಡಿದು, ಹೊಟ್ಟೆಯಿಂದ, ಚಿಕ್ಕ ಚಿಕ್ಕದಾಗಿ ಉಸಿರಾಡಲು ಹೊಸದಾಗಿ ಕಲಿಯಬೇಕು. ಹುಟ್ಟಿದಾಗಿನಿಂದ ಯಾರೂ ಹೇಳಿಕೊಡದೆ ಮಾಡುತ್ತಾ ಬಂದದ್ದನ್ನು ನಡುಹರೆಯದಲ್ಲಿ ಪಾಠ ಹೇಳಿಸಿಕೊಂಡು ಮಾಡಬೇಕು. ಇಲ್ಲಿ ಸ್ನಾಯುಬಲಕ್ಕಿಂತ ಹೇಳಿದ ಮಾತು ಕೇಳುವ ಗುಣ ಹೆಚ್ಚು ಬೆಲೆಬಾಳುತ್ತದೆ.

ಎರಡನೆಯ ಊರು ಮಾಸ್ಕೊ ಬಳಿಯ ಸ್ಟಾರ್ ಸಿಟಿ. 2020ರ ಫೆಬ್ರವರಿ 10ರಂದು ಗಗರಿನ್ ತರಬೇತಿ ಕೇಂದ್ರದಲ್ಲಿ ಭಾರತದ ನಾಲ್ವರ ಪಾಠ ಆರಂಭವಾಯಿತು: ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ. ಡಿಸೆಂಬರ್ ಬಂತೆಂದರೆ ಮಂಕಿಕ್ಯಾಪ್ ಹುಡುಕುವ ನಮ್ಮ ಬಸವನಗುಡಿಯ ಚಳಿ ಅಲ್ಲಿಯವರಿಗೆ ಬೇಸಿಗೆ ಅನ್ನಿಸೀತು. ಬರ್ಚ್ ಮತ್ತು ಪೈನ್ ಮರಗಳ ಕಾಡು, ಕೆಳಗೆ ಜೌಗು, ಮೇಲೆ ಮೊಣಕಾಲುದ್ದ ಹಿಮ. ನೌಕೆ ಗುರಿ ತಪ್ಪಿ ಇಂಥ ಕಡೆ ಬಿದ್ದರೆ ಹುಡುಕುವವರು ಬರುವವರೆಗೆ ಬದುಕಿರುವುದು ಹೇಗೆ ಎಂಬುದೇ ಮೊದಲ ತಾಲೀಮು. ಆ ತಿಂಗಳೇ ಅದನ್ನು ಮುಗಿಸಿದರು. ಜೂನ್‌ನಲ್ಲಿ ನೀರಿನ ಮೇಲಿನ ಅಭ್ಯಾಸ, ಜುಲೈಯಲ್ಲಿ ಬಿಸಿಲಿನ ಹುಲ್ಲುಗಾವಲಿನ ಅಭ್ಯಾಸ. ನಡುವೆ ಕೋವಿಡ್ ಬಂದು ಮಾರ್ಚ್ ಕೊನೆಯಿಂದ ಮೇ 12ರವರೆಗೆ ಎಲ್ಲವೂ ನಿಂತಿತು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿದ್ದಾಗ, ಒಂಟಿಯಾಗಿ ಕೂತಿರುವ ಪಾಠವನ್ನು ಎಲ್ಲರೂ ಕಲಿಯುತ್ತಿದ್ದರೆನ್ನಿ.

ಇಲ್ಲೊಂದು ಆಕ್ಷೇಪ ಬರುತ್ತದೆ. ಈ ನಾಲ್ವರು ಹಾರಬೇಕಾದ, ನಾವೇ ಕಟ್ಟುತ್ತಿರುವ ಗಗನಯಾನ ನೌಕೆ ಇಳಿಯಬೇಕಾದದ್ದು ಸಮುದ್ರದಲ್ಲಿ. ರಷ್ಯಾದ ಹಿಮದಲ್ಲಿ ಬೆಂಕಿ ಹೊತ್ತಿಸುವ ವಿದ್ಯೆ ಯಾವ ಸುಖಕ್ಕೆ? ಅದು ಅವರ ಸೊಯೂಜ್ ನೌಕೆಯ ಪಠ್ಯ, ನಾವು ದುಡ್ಡು ಕೊಟ್ಟು ಎರವಲು ತಂದದ್ದು. ಮಾತಿನಲ್ಲಿ ಹುರುಳಿದೆ. ಆದರೆ ಈ ಪಠ್ಯ ಹುಟ್ಟಿದ್ದು ಹೇಗೆ ನೋಡಿ. 1965ರ ಮಾರ್ಚ್‌ನಲ್ಲಿ, ಮನುಷ್ಯ ಮೊದಲ ಬಾರಿ ಬಾಹ್ಯಾಕಾಶದಲ್ಲಿ ನೌಕೆಯಿಂದ ಹೊರಗಿಳಿದ ವೊಸ್ಖೋದ್ 2 ಯಾನದಿಂದ ಮರಳುವಾಗ ಲಿಯೊನೊವ್ ಮತ್ತು ಬೆಲ್ಯಾಯೆವ್ ಗುರಿ ತಪ್ಪಿ ಪೆರ್ಮ್ ಸೀಮೆಯ ದಟ್ಟ ಕಾಡಿಗೆ ಬಿದ್ದರು. ಎರಡು ರಾತ್ರಿ ಹಿಮದಲ್ಲಿ ಕಳೆದರು. ಎಲ್ಲಿ ಇಳಿಯಬೇಕೆಂದು ಯೋಜನೆ ಹೇಳುತ್ತದೆ, ಎಲ್ಲಿ ಇಳಿಯುತ್ತೇವೆಂಬುದನ್ನು ಅಂದಿನ ಪರಿಸ್ಥಿತಿ ತೀರ್ಮಾನಿಸುತ್ತದೆ. ಮೇಲಾಗಿ ಹಿಮ ಇಲ್ಲಿ ನೆಪ ಮಾತ್ರ. ಹಸಿವು, ನಿದ್ದೆಗೇಡು, ಚಳಿ ಮೂರೂ ಸೇರಿದಾಗ ಜೊತೆಗಾರನ ಮೇಲೆ ಸಿಡುಕದೆ ಕೆಲಸ ಹಂಚಿಕೊಳ್ಳುವುದು ಬರುತ್ತದೆಯೇ? ಅದು ಬಂದರೆ ಬಂಗಾಳ ಕೊಲ್ಲಿಯ ಅಲೆಗಳ ಮೇಲೂ ಬರುತ್ತದೆ. ಇನ್ನು ಎರವಲಿನ ಮಾತು: ಆ ನಾಲ್ವರು 2021ರ ಮಾರ್ಚ್‌ನಲ್ಲಿ ಮರಳಿ ಬಂದ ಮೇಲೆ ತರಬೇತಿ ಮುಂದುವರಿದದ್ದು ಬೆಂಗಳೂರಿನಲ್ಲೇ.

ಮಾರತ್‌ಹಳ್ಳಿ ಕಡೆಯ ಇಸ್ರೊ ಆವರಣದಲ್ಲಿ ಅವರಿಗಾಗಿ ತರಬೇತಿ ಕೇಂದ್ರ ಎದ್ದಿತು. ಅಲ್ಲಿ ತರಗತಿ, ಗಗನಯಾನ ನೌಕೆಯ ಭಾಗಗಳ ಪರಿಚಯ, ಸಿಮ್ಯುಲೇಟರ್, ಈ ನಡುವೆ ಕೈ ಮರೆಯದಿರಲೆಂದು ವಿಮಾನ ಹಾರಾಟ, ಬೆಳಗಿನ ಯೋಗ. ಅದರಲ್ಲಿ ಬಹುಪಾಲು, ಕೆಟ್ಟದ್ದನ್ನು ಮತ್ತೆ ಮತ್ತೆ ನಟಿಸುವುದು. ಕ್ಯಾಬಿನ್‌ನ ಒತ್ತಡ ಇಳಿಯಿತು ಎಂದುಕೊಳ್ಳಿ, ಹೊಗೆ ಕಂಡಿತು ಎಂದುಕೊಳ್ಳಿ, ಸಂಪರ್ಕ ಕಡಿದುಹೋಯಿತು ಎಂದುಕೊಳ್ಳಿ. ಪ್ರತಿಯೊಂದಕ್ಕೂ ಬರೆದಿಟ್ಟ ಕ್ರಮವಿದೆ. ಮೊದಲು ಯಾವ ಗುಂಡಿ, ಆಮೇಲೆ ಯಾರಿಗೆ ಏನು ಹೇಳಬೇಕು, ಅವರು ಏನು ಮರುನುಡಿಯಬೇಕು. ಶಂಕರಪುರಂನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಘನಪಾಠದಲ್ಲಿ ಮಂತ್ರದ ಪದಗಳನ್ನು ಒಂದು, ಎರಡು ಎಂದು ಹೇಳಿ, ಎರಡು, ಒಂದು ಎಂದು ಹಿಂದಿರುಗಿ, ಒಂದು, ಎರಡು, ಮೂರು ಎಂದು ಮುಂದೆ ಹೋಗಿ, ಮೂರು, ಎರಡು, ಒಂದು ಎಂದು ಮತ್ತೆ ಹಿಂದೆ ಬಂದು, ಇನ್ನೊಮ್ಮೆ ಮುಂದೆ ಹೋಗುತ್ತಾರಲ್ಲ, ಒಂದು ಅಕ್ಷರ ಜಾರಿದರೂ ಪಕ್ಕದ ಪದ ಹಿಡಿದುಕೊಡಲೆಂದು, ಅದೇ ಜಾತಿಯ ಅಭ್ಯಾಸ ಇದು. ವೇದದಲ್ಲೇ ಎಲ್ಲ ಇತ್ತು ಎನ್ನುವ ಮಾತಲ್ಲ. ಹಾಗಂದರೆ ಪಕ್ಕದ ನ್ಯಾಷನಲ್ ಕಾಲೇಜಿನ ವಿಚಾರವಾದಿ ಎಚ್. ನರಸಿಂಹಯ್ಯನವರ ಶಿಷ್ಯರು ಸುಮ್ಮನಿರಲಾರರು, ಸುಮ್ಮನಿರಲೂಬಾರದು. ಹೇಳುತ್ತಿರುವುದು ಇಷ್ಟೆ: ತಪ್ಪಲು ಅವಕಾಶವಿಲ್ಲದ ಕೆಲಸದಲ್ಲಿ ಪ್ರತಿಭೆಯನ್ನು ನಂಬುವುದಿಲ್ಲ, ಪುನರಾವರ್ತನೆಯನ್ನು ನಂಬುತ್ತಾರೆ.

ಈ ಊರಿನ ಬಗ್ಗೆ ನನಗೆ ತುಂಬ ಕುತೂಹಲ ಹುಟ್ಟಿಸುವ ಸಂಗತಿ ಬೇರೆ ಇದೆ. ನಾಲ್ವರ ಹೆಸರು ಹೊರಬಿದ್ದದ್ದು 2024ರ ಫೆಬ್ರವರಿ 27ರಂದು, ತಿರುವನಂತಪುರದಲ್ಲಿ ಪ್ರಧಾನಿ ಪ್ರಕಟಿಸಿದಾಗ. ಅಲ್ಲಿಯವರೆಗೆ ಸುಮಾರು ಮೂರು ವರ್ಷ ದೇಶದ ಮುಂದಿನ ಗಗನಯಾತ್ರಿಗಳು ಬೆಂಗಳೂರಿನಲ್ಲಿ ಕಲಿಯುತ್ತಿದ್ದರು, ಊರಿಗೆ ಗೊತ್ತಿರಲಿಲ್ಲ. ಸಿನಿಮಾ ನಟ ದೋಸೆ ತಿನ್ನಲು ಗಾಂಧಿಬಜಾರಿಗೆ ಬಂದರೂ ಮರುದಿನ ಸುದ್ದಿಯಾಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ನಾಲ್ವರಲ್ಲಿ ಕನ್ನಡಿಗರಿಲ್ಲವಲ್ಲ ಎಂದು ಕೆಲವರು ಕೊರಗಿದ್ದೂ ಉಂಟು: ಒಬ್ಬರು ಪಾಲಕ್ಕಾಡಿನ ನೆನ್ಮಾರದವರು, ಒಬ್ಬರು ಚೆನ್ನೈ, ಒಬ್ಬರು ಪ್ರಯಾಗರಾಜ್, ಒಬ್ಬರು ಲಖನೌ. ಹುಟ್ಟಿದ ಊರಿಗೆ ಇರುವ ಹಕ್ಕು ತಾಲೀಮು ಕೊಟ್ಟ ಊರಿಗೂ ಇದೆ ಎಂದುಕೊಂಡರೆ ಆ ಕೊರಗು ಉಳಿಯುವುದಿಲ್ಲ.

ಊಟದ ವಿಷಯದಲ್ಲಂತೂ ಆ ಹಕ್ಕು ಪೂರ್ತಿ ನಮ್ಮದು. ರಾಕೇಶ್ ಶರ್ಮಾ 1984ರ ಏಪ್ರಿಲ್‌ನಲ್ಲಿ ಸೋವಿಯತ್ ನಿಲ್ದಾಣ ಸಾಲ್ಯೂತ್ 7ಕ್ಕೆ ಹೋದಾಗ ಒಯ್ದ ರವೆ ಹಲ್ವ, ಆಲೂ ಛೋಲೆ, ತರಕಾರಿ ಪುಲಾವ್ ತಯಾರಾದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ. ಗಗನಯಾನಕ್ಕೆಂದು ಅಲ್ಲಿಯವರು ಇಡ್ಲಿ, ಉಪ್ಪಿಟ್ಟುಗಳನ್ನೂ ಒಣಗಿಸಿ ಪೊಟ್ಟಣಕ್ಕೆ ತುಂಬಿದ್ದಾರೆ. ಬಿಸಿನೀರು ಬೆರೆಸಿದರೆ ತಿನ್ನಬಹುದು. ಬಾಹ್ಯಾಕಾಶದ ಅಡುಗೆಯಲ್ಲಿ ದೊಡ್ಡ ಶತ್ರು ಪುಡಿ. ಉದುರಿದ ಒಂದು ಚೂರು ತೇಲಿಕೊಂಡು ಹೋಗಿ ಕಣ್ಣಿಗೋ ಯಂತ್ರದ ಸಂದಿಗೋ ಸೇರುತ್ತದೆ, ಹಾಗಾಗಿ ಒಗ್ಗರಣೆಯ ಸಾಸಿವೆ ಕೂಡ ಅಂಟಿಕೊಂಡೇ ಇರಬೇಕು. ತೂಕವಿಲ್ಲದ ಕಡೆ ದೇಹದ ದ್ರವವೆಲ್ಲ ತಲೆಗೇರಿ ಮೂಗು ಕಟ್ಟಿದಂತಾಗುವುದರಿಂದ ರುಚಿಯೂ ಮಂಕಾಗುತ್ತದೆ. ಶುಕ್ಲಾ ಒಯ್ದ ಗಜ್ಜರಿ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸವನ್ನು ಜೊತೆಗಾರರೆಲ್ಲ ಹಂಚಿಕೊಂಡು ತಿಂದರಂತೆ. ಅಲ್ಲಿ ಸಾರು ಕುದಿಸಲಾಗದು ಎಂಬುದು ನನ್ನ ವೈಯಕ್ತಿಕ ದುಃಖ.

2024ರ ಆಗಸ್ಟ್‌ನಲ್ಲಿ ಶುಕ್ಲಾ ಮತ್ತು ನಾಯರ್ ಇಬ್ಬರೂ ಅಮೆರಿಕಕ್ಕೆ ಹೋದರು, ಶುಕ್ಲಾ ಮುಂದೆ ಹಾರಿದ ಆಕ್ಸಿಯಂ 4 ಯಾನದ ತರಬೇತಿಗೆ. ಶುಕ್ಲಾ ಪೈಲಟ್, ನಾಯರ್ ಮೀಸಲು. ಇಬ್ಬರಿಗೂ ಒಂದೇ ಪಾಠ, ಒಂದೇ ಪರೀಕ್ಷೆ. 2025ರ ಮೇ 25ರಂದು ಯಾತ್ರಿಗಳು ಸೋಂಕು ತಗಲದಿರಲೆಂದು ಪ್ರತ್ಯೇಕವಾಸಕ್ಕೆ ಹೋದರು, ಎರಡು ವಾರಕ್ಕೆ ಹೊರಡುವ ಅಂದಾಜು. ಮೇ 29 ಹೋಗಿ ಆಗಲೇ ಜೂನ್ 8 ಆಗಿತ್ತು, ಆಮೇಲೆ 10 ಆಯಿತು, ಹವಾಮಾನ ನೋಡಿ 11 ಆಯಿತು. ಅಷ್ಟರಲ್ಲಿ ಉಡಾವಣಾ ಕಟ್ಟೆಯ ಮೇಲೆ ನಡೆದ ಏಳು ಸೆಕೆಂಡಿನ ಎಂಜಿನ್ ಪರೀಕ್ಷೆಯಲ್ಲಿ ದ್ರವ ಆಮ್ಲಜನಕ ಸೋರುವುದು ಕಂಡಿತು. ಅದನ್ನು ಸರಿಪಡಿಸಿ, ಮತ್ತೆ ಪರೀಕ್ಷಿಸಿದ ಮೇಲೇ ಹೊರಡುವುದೆಂದು ತೀರ್ಮಾನವಾಯಿತು. ನಂತರ ನಿಲ್ದಾಣದ ರಷ್ಯನ್ ಭಾಗದಲ್ಲೊಂದು ಸೋರಿಕೆಯ ಅನುಮಾನ; 19, 22 ಎಂದೆಲ್ಲ ಆಗಿ ಕೊನೆಗೆ 25. ಮದುವೆ ಮುಹೂರ್ತ ಇಷ್ಟು ಸಲ ಮುಂದೆ ಹೋಗಿದ್ದರೆ ಬೀಗರು ಉಳಿಯುತ್ತಿರಲಿಲ್ಲ. ಬೆಂಗಳೂರಿನ ಆ ಮುಚ್ಚಿದ ಕೋಣೆಯ ಪರೀಕ್ಷೆ ಯಾಕೆ ಬೇಕು ಎಂದು ಕೇಳುವವರಿಗೆ ಈ ಒಂದು ತಿಂಗಳೇ ಉತ್ತರ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟ ಹೆಸರುಕಾಳು, ಮೆಂತ್ಯ ಮೇಲೆ ಮೊಳಕೆಯೊಡೆದವು. ಜುಲೈ 4ರಂದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದೊಡನೆ ಹ್ಯಾಮ್ ರೇಡಿಯೊದಲ್ಲಿ ಮಾತಾಯಿತು. ಮರಳಿದ ಮೇಲೆ ಒಂದು ದಿನ ಹಾಸಿಗೆಯ ಮೇಲೆ ಕೂತು ಲ್ಯಾಪ್‌ಟಾಪ್ ಮುಚ್ಚಿ, ತೇಲುತ್ತದೆಂದು ಪಕ್ಕಕ್ಕೆ ಬಿಟ್ಟರಂತೆ ಶುಕ್ಲಾ. ಕೆಳಗೆ ಕಾರ್ಪೆಟ್ ಇತ್ತು, ಬಚಾವಾಯಿತು. ಮೇಲೆ ಇಪ್ಪತ್ತು ದಿನ ಕಲಿತದ್ದನ್ನು ದೇಹ ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ, ನೆಲದ ಪಾಠವನ್ನೇ ಮರೆತಿತ್ತು.

ಈಗ ದೊಡ್ಡ ಆಕ್ಷೇಪ. ಎಷ್ಟೇ ತರಬೇತಿ ಪಡೆದಿದ್ದರೂ ಕೆಳಗೆ ಎಂಜಿನ್ ಹೊತ್ತಿಕೊಂಡಾಗ ಆಗುವ ಅನುಭವವೇ ಬೇರೆ ಎಂದು ಶುಕ್ಲಾ ಅವರೇ ಹೇಳಿದ್ದಾರೆ. ಮೊದಲ ದಿನಗಳಲ್ಲಿ ನಡೆಯುವುದು, ತಿನ್ನುವುದನ್ನು ಮಗುವಿನಂತೆ ಕಲಿಯಬೇಕಾಯಿತು ಎಂದೂ ಹೇಳಿದ್ದಾರೆ. ಹಾಗಾದರೆ ಹಾರದವನ ತರಬೇತಿ ರಂಗಕ್ಕೆ ಬಾರದ ನಾಟಕದ ತಾಲೀಮು ಅಲ್ಲವೇ? ಅನುಭವ ಬೇರೆ ಎಂಬುದನ್ನು ಒಪ್ಪೋಣ. ಆದರೆ ಯಾತ್ರಿಯನ್ನು ಯಾತ್ರಿಯನ್ನಾಗಿ ಮಾಡುವುದು ಅನುಭವವಲ್ಲ, ಆ ಅನುಭವದ ನಡುವೆಯೂ ಕೈ ನಡುಗದಿರುವುದು. ರಾಕೇಶ್ ಶರ್ಮಾ ಅವರ ಜೊತೆಗಾರ ಗೆನ್ನಾದಿ ಸ್ಟ್ರೆಕಲೊವ್ 1983ರ ಸೆಪ್ಟೆಂಬರ್ 26ರಂದು ಹಾರಲು ಕೂತಿದ್ದಾಗ ಕಟ್ಟೆಯ ಮೇಲೇ ರಾಕೆಟ್ಟಿಗೆ ಬೆಂಕಿ ಹತ್ತಿತು. ಪಾರು ಮಾಡುವ ಪುಟ್ಟ ರಾಕೆಟ್ ಅವರ ಕ್ಯಾಬಿನ್ನನ್ನು ಕಿತ್ತುಕೊಂಡು ದೂರ ಒಯ್ದಿತು, ಕೆಳಗಿನದೆಲ್ಲ ಸ್ಫೋಟಿಸಿತು. ಆರು ತಿಂಗಳ ನಂತರ ಅದೇ ಮನುಷ್ಯ ನಮ್ಮವರ ಪಕ್ಕದಲ್ಲಿ ಕೂತು ಹೊರಟರು. ಆ ಧೈರ್ಯ ಮೇಲೆ ಸಿಕ್ಕಿದ್ದಲ್ಲ.

ಖರ್ಚಿನ ಪ್ರಶ್ನೆಯೂ ಇದೆ. ಆಕ್ಸಿಯಂ ಯಾನಕ್ಕೆ ಸುಮಾರು 550 ಕೋಟಿ ರೂಪಾಯಿ ಎಂದು ವರದಿಯಾಯಿತು. ಗಗನಯಾನ ಕಾರ್ಯಕ್ರಮಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟ ಮೊತ್ತ 2024ರಲ್ಲಿ 20,193 ಕೋಟಿಗೆ ಏರಿತು. ಮನುಷ್ಯನ ಬದಲು ವ್ಯೋಮಮಿತ್ರ ಎಂಬ ರೋಬಾಟ್ ಹೋದರೆ ಸಾಲದೇ? ಮೊದಲು ಹೋಗುವುದು ಅದೇ, ಹೋಗಲಿ. ಆದರೆ ರೋಬಾಟಿಗೆ ಉಸಿರು ಕಟ್ಟುವುದಿಲ್ಲ, ಅದಕ್ಕೆ ಇಡ್ಲಿ ಬೇಡ. ವಿಮಾನಪುರದ ವೈದ್ಯರು, ಮೈಸೂರಿನ ಅಡುಗೆಯವರು, ರಾಕೆಟ್ ಕೆಡುವ ದಾರಿಗಳನ್ನೆಲ್ಲ ಪಟ್ಟಿ ಮಾಡುವ ಎಂಜಿನಿಯರ್‌ಗಳು ಕಲಿಯುವುದು ಒಳಗೆ ಮನುಷ್ಯ ಕೂರುತ್ತಾನೆ ಎಂದಾಗಲೇ. ದುಡ್ಡು ಹೋಗಿರುವುದು ಇಪ್ಪತ್ತು ದಿನಕ್ಕೆ ಎಂದು ಲೆಕ್ಕ ಹಾಕಿದರೆ ದುಬಾರಿ. ಇಷ್ಟು ಜನರ ಕಲಿಕೆಗೆ ಎಂದು ಲೆಕ್ಕ ಹಾಕಿದರೆ ನನಗಂತೂ ಹಾಗನ್ನಿಸುವುದಿಲ್ಲ. ಬಡದೇಶಕ್ಕೆ ಇದಕ್ಕಿಂತ ತುರ್ತಿನ ಖರ್ಚುಗಳಿವೆ ಎನ್ನುವವರೊಡನೆ ಜಗಳವನ್ನೂ ಆಡಲಾರೆ.

ಈ ಲೆಕ್ಕದಲ್ಲಿ ನಾವು ಬಿಟ್ಟಿರುವ ಹೆಸರುಗಳಿವೆ. ರಾಕೇಶ್ ಶರ್ಮಾ ಅವರಷ್ಟೇ ಕಾಲ ಸ್ಟಾರ್ ಸಿಟಿಯಲ್ಲಿ ಅದೇ ಪಾಠ ಕಲಿತು ಮೀಸಲಾಗಿ ಉಳಿದವರು ರವೀಶ್ ಮಲ್ಹೋತ್ರ. ಮುಂದೆ ಬೆಂಗಳೂರಿನ ವಿಮಾನ ಉದ್ಯಮದಲ್ಲೇ ದುಡಿದರು. 1985ರಲ್ಲಿ ಅಮೆರಿಕದ ಷಟಲ್‌ನಲ್ಲಿ ಇನ್ಸಾಟ್ 1ಸಿ ಉಪಗ್ರಹದ ಜೊತೆ ಹೋಗಲು ಇಸ್ರೊ ಆರಿಸಿದ್ದು ಇಬ್ಬರನ್ನು: ಪಿ. ರಾಧಾಕೃಷ್ಣನ್ ಮತ್ತು ನಾಗಪತಿ ಚಿದಂಬರ ಭಟ್. ಭಟ್ಟರು ಬೆಂಗಳೂರಿನ ಉಪಗ್ರಹ ಕೇಂದ್ರದವರು. 1986ರ ಸೆಪ್ಟೆಂಬರ್‌ಗೆ ಯಾನ ಗೊತ್ತಾಗಿತ್ತು. ಆ ವರ್ಷದ ಜನವರಿ 28ರಂದು ಚಾಲೆಂಜರ್ ಸಿಡಿದು ಏಳು ಮಂದಿ ಸತ್ತರು, ಭಾರತೀಯರ ಯಾನ ರದ್ದಾಯಿತು. ಉಪಗ್ರಹ 1988ರಲ್ಲಿ ಏರಿಯಾನ್ ರಾಕೆಟ್ಟಿನಲ್ಲಿ ಯಾರ ಜೊತೆಯೂ ಇಲ್ಲದೆ ಹೋಯಿತು. ರಸಪ್ರಶ್ನೆಗಳಲ್ಲಿ ನಾವು ಮಕ್ಕಳಿಗೆ ಕೇಳುವುದು ಹಾರಿದವರ ಹೆಸರು ಮಾತ್ರ. ಭಟ್ಟರ ಹೆಸರು ಹೇಳಬಲ್ಲ ಕನ್ನಡದ ಮಗುವನ್ನು ಹುಡುಕಬೇಕಾದೀತು.

ಗಗನಯಾನದ ನೌಕೆಯಲ್ಲಿ ಮೂವರಿಗೆ ಜಾಗ. ತರಬೇತಿ ಪಡೆದು ನಿಂತಿರುವವರು ನಾಲ್ವರು. ಆ ನೌಕೆ ಹೊರಡುವ ದಿನ ಇವರಲ್ಲಿ ಒಬ್ಬರಾದರೂ ನೆಲದ ಮೇಲಿರುತ್ತಾರೆ. ಅಂದು ಮೇಷ್ಟ್ರುಗಳು ಹಲಗೆಯ ಮೇಲೆ ಬರೆಯುವ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆಯಲಿ.